ಮುರುಡೇಶ್ವರದಿಂದ ಬಾಗಲಕೋಟೆಗೆ ಒದ್ದೆ ಡೈವಿಂಗ್ ಸಾಮಾನು: ಒಂದು ಗಾಡಿಯ ಪ್ರಕರಣ

ಪ್ರಕರಣ ಇಷ್ಟು. ಬಾಗಲಕೋಟೆ ನವನಗರದ ಮೂವರು, ಅಂದರೆ ಒಬ್ಬ ಪಿಯು ಕಾಲೇಜು ಉಪನ್ಯಾಸಕರು, ಅವರ ತಮ್ಮ ಮತ್ತು ತಮ್ಮನ ಹೆಂಡತಿಯ ಅಣ್ಣ, ಏಪ್ರಿಲ್ ಕೊನೆಯಲ್ಲಿ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಸುತ್ತ ಎರಡು ದಿನ ಡೈವ್ ಮಾಡಿದರು. ಸ್ವಂತ ಸಾಮಾನು, ಸ್ವಂತದ್ದೇ ಏಳು ಸೀಟಿನ ಗಾಡಿ. ತಿರುಗಿ ಬಂದ ಮೇಲೆ ಒಂದು ಮಾಸ್ಕು ಕೆಟ್ಟಿದ್ದು ಕೂಡಲೇ ಕಂಡಿತು. ಸೂಟುಗಳ ಬಣ್ಣ ಹೋದದ್ದು ಒಂದು ವಾರದಲ್ಲಿ ಗೊತ್ತಾಯಿತು. ಗಾಡಿಯ ಏರ್‌ಬ್ಯಾಗ್ ದೀಪ ಹತ್ತಿದ್ದು ಜುಲೈ ತಿಂಗಳಲ್ಲಿ. ಸಿಲಿಂಡರಿನ ಗಾಳಿಯನ್ನು ಉಸಿರಿಗೆ ಒದಗಿಸುವ ರೆಗ್ಯುಲೇಟರೊಂದರ ಒಳಗೆ ಉಪ್ಪು ಕೂತಿದೆ ಎಂದು ಸುದ್ದಿ ಬಂದದ್ದು ಸೆಪ್ಟೆಂಬರಿನಲ್ಲಿ. ಒಂದೇ ಸಂಜೆಯ ಪ್ರಯಾಣದ ಫಲ ಹೀಗೆ ಕಂತು ಕಂತಾಗಿ ಹೊರಬಿದ್ದಿತು. ಇದನ್ನು ಬರೆದಿಡಬೇಕು ಅನ್ನಿಸಿದ್ದೂ ಅದಕ್ಕೇ.

ಗಾಡಿ ತುಂಬುವಾಗ ನಾನು ಇರಲಿಲ್ಲ. ಸಾಮಾನು ಇಳಿಸುವಾಗ ಇದ್ದೆ, ಮುಂದೆ ಸೀಟು ಬಿಚ್ಚುವಾಗಲೂ ಇದ್ದೆ. ಮೊದಲಿನ ಭಾಗ ಮೂವರ ಮಾತು ಮತ್ತು ಅವರ ಫೋನಿನಲ್ಲಿದ್ದ ಫೋಟೋಗಳ ಆಧಾರದ್ದು. ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ, ಹೆಸರು ಮಾತ್ರ ಬೇಡ ಎಂದಿದ್ದಾರೆ.

ಕರಾವಳಿಯ ಡೈವರ್‌ಗೆ ಈ ತೊಂದರೆಯೇ ಇಲ್ಲ. ದೋಣಿ ಇಳಿದ ಅರ್ಧ ಗಂಟೆಗೆ ಮನೆ ಸೇರಿ, ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ನೀರು ಸುರಿದು ನೆರಳಿಗೆ ಹಾಕುತ್ತಾನೆ. ಸಮುದ್ರಕ್ಕೂ ಮನೆಯ ನಲ್ಲಿಗೂ ನಡುವೆ 300 ಕಿಲೋಮೀಟರಿಗೂ ಮೀರಿದ ದಾರಿ ಇರುವ ನಮ್ಮಂಥ ಒಳನಾಡಿನವರಿಗೇ ಈ ತಲೆನೋವು. ಊರಿನ ದೊಡ್ಡ ಭಾಗವೇ ಆಲಮಟ್ಟಿ ಹಿನ್ನೀರಲ್ಲಿ ಮುಳುಗಿದ್ದರೂ ಬಾಗಲಕೋಟೆಯವರು ಮುಳುಗುವುದಕ್ಕೆಂದು ಇಷ್ಟು ದೂರ ಹೋಗುತ್ತೇವೆ. ಕೆಸರು ನೀರಿನಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲವಲ್ಲ, ಏನು ಮಾಡುವುದು.

ತುಂಬಿದ ರೀತಿ

ಸಾಮಾನಿನ ಪಟ್ಟಿ ದೊಡ್ಡದೇನಲ್ಲ. ಮೂರು ಸೂಟು (ಎರಡು 3 ಮಿಲಿಮೀಟರ್ ದಪ್ಪದವು, ಒಂದು 5 ಮಿಲಿಮೀಟರಿನದು), ಮೂರು ಬಿಸಿಡಿ, ಎರಡು ರೆಗ್ಯುಲೇಟರ್ ಸೆಟ್ಟು, ಎರಡು ಡೈವ್ ಕಂಪ್ಯೂಟರ್ (ಆಳ, ಹೊತ್ತು ಲೆಕ್ಕ ಹಾಕಿ ತೋರಿಸುವಂಥವು), ಒಂದು ಟಾರ್ಚು, ಮತ್ತೆ ಎಲ್ಲರ ಮಾಸ್ಕು, ಫಿನ್ನು (ಕಾಲಿಗೆ ಹಾಕುವ ಈಜುರೆಕ್ಕೆ), ಬೂಟಿ (ಪಾದಕ್ಕೆ ಹಾಕುವ ಬೂಟು). ಬಿಸಿಡಿ ಎಂದರೆ ಮೈಗೆ ತೊಡುವ, ಒಳಗೆ ಗಾಳಿಚೀಲ ಇರುವ ಜಾಕೆಟ್ಟು. ಸಿಲಿಂಡರ್ ಮತ್ತು ಸೀಸದ ತೂಕಗಳು ಡೈವ್ ಕೇಂದ್ರದವರವು, ಅಲ್ಲೇ ಉಳಿದವು.

ಎರಡನೆಯ ದಿನದ ಕೊನೆಯ ಡೈವ್ ಮುಗಿಸಿ ಮಧ್ಯಾಹ್ನ ದಂಡೆಗೆ ಬಂದರು. ಅಲ್ಲಿ ಎಲ್ಲರಿಗೂ ಸೇರಿ ಒಂದು ದೊಡ್ಡ ಟಬ್ಬು, ಅದರಲ್ಲಿ ಸಾಮಾನು ಅದ್ದಿ ತೆಗೆದರು. ಬೆಳಗಿನಿಂದ ಎಷ್ಟೋ ಜನರ ಸೂಟು ಬಿಸಿಡಿ ಅದ್ದಿ ಹೋದ ನೀರು ಅದು. ಮಧ್ಯಾಹ್ನದ ಹೊತ್ತಿಗೆ ಅಂಥ ಟಬ್ಬಿನ ನೀರು ಸಿಹಿನೀರಾಗಿ ಉಳಿದಿರುವುದಿಲ್ಲ. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರೆ ಸಾಕು, ಗೊತ್ತಾಗುತ್ತದೆ. ಯಾರೂ ಮುಟ್ಟಿಸಲಿಲ್ಲ. ಊಟ ಮಾಡಿ ಮೂರು ಗಂಟೆಗೆ ಹೊರಟರು.

ಗಾಡಿ ಒದ್ದೆಯಾಗಬಾರದು ಎಂಬುದೊಂದೇ ಮೂವರ ಚಿಂತೆ. ಸೂಟುಗಳನ್ನು ಮೇಲಿನ ಕ್ಯಾರಿಯರ್‌ಗೆ ರಬ್ಬರ್ ಹಗ್ಗದಿಂದ ಬಿಗಿದರು, "ಗಾಳಿಗೆ ತಾವ ಒಣಗ್ತಾವ ತಗೋ" ಎಂದರಂತೆ ತಮ್ಮ. ಬಿಸಿಡಿ ಮತ್ತು ಬೂಟಿ ಎರಡು ಖಾಲಿ ಗೊಬ್ಬರದ ಚೀಲ ಸೇರಿದವು. ಹಿಂದೆ ಜಾಗ ಸಾಲದೆ ಆ ಚೀಲಗಳು ಮುಂದಿನ ಸೀಟಿನ ಬೆನ್ನಿಗೆ, ನಡುವಿನ ಸಾಲಿನ ಕಾಲಬುಡದಲ್ಲಿ ಕೂತವು. ನೇಯ್ದ ಪ್ಲಾಸ್ಟಿಕ್ ಚೀಲ ಕಾಳು ಹಿಡಿಯುತ್ತದೆಯೇ ಹೊರತು ನೀರು ಹಿಡಿಯುವುದಿಲ್ಲ. ಡಿಕ್ಕಿಯಲ್ಲಿ ಕೆಳಗೆ ಮಾಸ್ಕು, ಫಿನ್ನು, ರೆಗ್ಯುಲೇಟರ್. ಅವುಗಳ ಮೇಲೆ ಒಂದು ಚೀಲ ತೆಂಗಿನಕಾಯಿ, ಅದರ ಮೇಲೆ ಬರ್ಫು ಹಾಕಿದ ಬಂಗಡೆ ಮೀನಿನ ಥರ್ಮಾಕೋಲ್ ಡಬ್ಬಿ.

ಹೊರಟ ಹೊತ್ತಿನ ಬಗ್ಗೆಯೂ ಒಂದು ಮಾತು. ಅಂಕೋಲಾದಿಂದ ರಾಷ್ಟ್ರೀಯ ಹೆದ್ದಾರಿ 52 ಹಿಡಿದರೆ ಅರಬೈಲ್ ಘಟ್ಟ ಏರಿ, ಯಲ್ಲಾಪುರ, ಹುಬ್ಬಳ್ಳಿ, ನವಲಗುಂದ, ನರಗುಂದ ದಾಟಿ ಅದೇ ರಸ್ತೆ ಗದ್ದನಕೇರಿ ಕ್ರಾಸಿಗೆ ತಂದು ಬಿಡುತ್ತದೆ. ಆದರೆ ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ. ಡೈವ್ ಮಾಡಿದವರ ದೇಹದಲ್ಲಿ ಕರಗಿದ ಸಾರಜನಕ ಹೊರಹೋಗುವ ಮೊದಲೇ ಎತ್ತರಕ್ಕೆ ಏರಿದರೆ ಅದು ಗುಳ್ಳೆಯಾಗುವ ಅಪಾಯ ಹೆಚ್ಚುತ್ತದೆ. ಡೈವರ್‌ಗಳ ಸುರಕ್ಷತೆಗಾಗಿ ಇರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ ವಿಮಾನ ಪ್ರಯಾಣಕ್ಕೆ ಹೇಳುವ ಲೆಕ್ಕ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆಗಿದ್ದರೆ 18 ಗಂಟೆ ಬಿಡುವು. ಆ ಲೆಕ್ಕ ಅನ್ವಯಿಸುವುದು ಸುಮಾರು 2,000 ಅಡಿ, ಅಂದರೆ 610 ಮೀಟರ್ ಎತ್ತರದಿಂದ. ಹುಬ್ಬಳ್ಳಿ ಆ ಗೆರೆಯ ಮೇಲೇ ಇದೆ. ಡೈವ್ ಮುಗಿದ ದಿನವೇ ಘಟ್ಟ ಏರಿದ್ದು ಮೂವರಿಗೂ ಏನೂ ಮಾಡಲಿಲ್ಲ ಎಂಬುದು ನೆಮ್ಮದಿ. ಆದರೆ ಈ ಅವಸರವೇ ಸಾಮಾನಿಗೂ ಮುಳುವಾಯಿತು. ಒಂದು ರಾತ್ರಿ ಅಲ್ಲೇ ಉಳಿದಿದ್ದರೆ ಅರ್ಧ ಪ್ರಕರಣ ಹುಟ್ಟುತ್ತಲೇ ಇರಲಿಲ್ಲ.

ಮೀನಿನ ಮೇಲೆ ಅಪವಾದ

ಮೇ ತಿಂಗಳಿಡೀ ಗಾಡಿಯಲ್ಲಿ ಸಣ್ಣ ವಾಸನೆ. ಅಪವಾದ ಸಹಜವಾಗಿಯೇ ಬಂಗಡೆಯ ಮೇಲೆ ಬಂತು. ಉಪನ್ಯಾಸಕರ ಮನೆಯವರು ಮೊದಲೇ ಮೀನಿನ ಡಬ್ಬಿಗೆ ವಿರೋಧ ಇದ್ದವರು, "ಅವತ್ತ ಹೇಳಿದ್ದೆ ನಾ" ಎಂದು ಶುರುವಾಯಿತು. ಡಿಕ್ಕಿಯನ್ನು ಸೋಪು ಹಾಕಿ ತೊಳೆಸಿದರು. ಸುವಾಸನೆಯ ಡಬ್ಬಿ ತಂದು ನೇತುಹಾಕಿದರು. ಬಿಸಿಲಿಗೆ ಬಾಗಿಲು ತೆರೆದು ನಿಲ್ಲಿಸಿದರು. ಬೇಸಿಗೆಯಲ್ಲಿ ವಾಸನೆ ಕಡಿಮೆಯಾಯಿತು, ಎಲ್ಲ ಸರಿಹೋಯಿತು ಎಂದುಕೊಂಡರು.

ಮಳೆ ಹಿಡಿದ ಮೇಲೆ ವಾಸನೆ ಮರಳಿ ಬಂತು. ಈ ಸಲ ಡಿಕ್ಕಿಯಿಂದಲ್ಲ, ಮುಂದಿನಿಂದ. ಜುಲೈ ನಡುವಿನಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಹತ್ತಿತು, ಆರಿತು, ಮತ್ತೆ ಹತ್ತಿ ನಿಂತೇಬಿಟ್ಟಿತು. ನವನಗರದ ಪರಿಚಯದ ಗ್ಯಾರೇಜಿನವ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಹತ್ತು ನಿಮಿಷ ಬಿಟ್ಟು, ಮುಂದಿನ ಎಡಸೀಟಿನ ಬೋಲ್ಟು ಸಡಿಲಿಸಿ ಸೀಟನ್ನು ಹಿಂದಕ್ಕೆ ವಾಲಿಸಿದ. ಏರ್‌ಬ್ಯಾಗಿನ ತಂತಿ ಮುಟ್ಟುವ ಮೊದಲು ಈ ಕಾಯುವಿಕೆ ಬೇಕೇಬೇಕು. ಒಳಗಿನ ಕೆಪ್ಯಾಸಿಟರ್ ಖಾಲಿಯಾಗಲು ಹೊತ್ತು ಹಿಡಿಯುತ್ತದೆ. ಮನೆಯಲ್ಲಿ ಯಾರೂ ಈ ಕೆಲಸಕ್ಕೆ ಕೈ ಹಾಕಬಾರದು.

ಸೀಟಿನಡಿ ಹಳದಿ ಕನೆಕ್ಟರ್ ಒಂದಿತ್ತು. ಅದನ್ನು ಎಳೆದು ಬಿಡಿಸಿದರೆ ಒಳಗಿನ ಪಿನ್ನುಗಳ ಬುಡದಲ್ಲಿ ಹಸಿರು ಪುಡಿ. ಸೀಟು ಹಳಿಯ ಮೂಲೆಯಲ್ಲಿ ತುಕ್ಕು ಗೆರೆಗೆರೆಯಾಗಿ ಎದ್ದಿತ್ತು. ಕಾರ್ಪೆಟ್ ಮೇಲಿನಿಂದ ಮುಟ್ಟಿದರೆ ಒಣ, ಬೆರಳು ಊರಿದರೆ ತಣ್ಣಗೆ. ಅಂಚು ಎತ್ತಿದಾಗ ಅದರ ಕೆಳಗಿನ ದಪ್ಪ ಫೆಲ್ಟು ಅಂಗೈಗೆ ಅಂಟಿತು.

"ಸರ, ಗಾಡಿ ಹೊಳ್ಯಾಗ ಇಳಿಸಿದ್ರೇನ್ರಿ?"

"ಹೊಳಿ ಎಲ್ಲಿದೋ ಮಾರಾಯಾ. ಸಮುದ್ರದ ದಂಡಿಗೆ ನಿಲ್ಲಿಸಿದ್ವಿ, ಅಷ್ಟ."

"ಮತ್ತ ಈ ಹಸರ ತಾನ ಬಂತೇನ್ರಿ? ಇದು ಸಾದಾ ನೀರಿಂದಲ್ರಿ."

ಅವನ ಮಾತು ಸರಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಆ ಎರಡು ಗೊಬ್ಬರದ ಚೀಲಗಳಿಂದ ನಾಲ್ಕು ಲೀಟರ್ ಸೋರಿತ್ತು ಎಂದುಕೊಂಡರೂ 140 ಗ್ರಾಂ ಉಪ್ಪು ಫೆಲ್ಟಿನೊಳಗೆ ಸೇರಿತು. ನೀರು ಆರಿಹೋಗುತ್ತದೆ, ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಗಾಳಿಯ ತೇವಾಂಶ ಶೇಕಡಾ 75ರ ಸುಮಾರಿಗೆ ಏರಿದರೆ ಅಡುಗೆ ಉಪ್ಪು ತಾನಾಗಿ ನೀರು ಎಳೆದು ಕರಗಲು ತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಇನ್ನೂ ಕಡಿಮೆ ತೇವಕ್ಕೇ ಜಿಗುಟಾಗುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಒಣಗಾಳಿಯಲ್ಲಿ ಆ ಉಪ್ಪು ಸುಮ್ಮನೆ ಮಲಗಿತ್ತು. ಜುಲೈನ ಜಿಟಿಜಿಟಿಗೆ, ಅಡುಗೆಮನೆಯ ಉಪ್ಪಿನ ಭರಣಿ ಆಷಾಢದಲ್ಲಿ ನೀರೊಡೆಯುವಂತೆ, ಕಾರ್ಪೆಟ್ಟಿನ ಕೆಳಗೆ ಎಚ್ಚೆತ್ತಿತು. ಉಪ್ಪುನೀರು ವಿದ್ಯುತ್ತು ಹರಿಯಲು ಹಾದಿ ಮಾಡಿಕೊಡುತ್ತದೆ, ತಾಮ್ರದ ಪಿನ್ನನ್ನು ತಿನ್ನುತ್ತದೆ. ಹಸಿರು ಪುಡಿ ಅದರದೇ ಗುರುತು. ಬಂಗಡೆ ನಿರಪರಾಧಿ. ಅದರ ಡಬ್ಬಿಯಿಂದ ಒಂದು ಹನಿಯೂ ಸೋರಿರಲಿಲ್ಲ.

ದುರಸ್ತಿಗೆ ಒಂದು ಇಡೀ ದಿನ ಹಿಡಿಯಿತು. ಎರಡೂ ಮುಂದಿನ ಸೀಟು ಹೊರಗೆ, ಕಾರ್ಪೆಟ್ ಎತ್ತಿ, ಫೆಲ್ಟಿಗೆ ಸಿಹಿನೀರು ಹೊಯ್ಯುವುದು, ವ್ಯಾಕ್ಯೂಮ್ ಯಂತ್ರದಿಂದ ಹೀರುವುದು, ಮತ್ತೆ ಹೊಯ್ಯುವುದು. ಒಣಗಿಸುವುದರಿಂದ ಉಪ್ಪು ಹೋಗದು, ಕರಗಿಸಿ ಹೊರಗೆ ತೆಗೆಯಬೇಕು. ಉಪ್ಪು ಬಿದ್ದ ಗಾಡಿಗೆ ಮತ್ತೆ ನೀರು ಹಾಕಿಸುವುದು ಎಂದರೆ ಮಾಲೀಕರಿಗೆ ಜೀವ ಹೋದಷ್ಟು ಸಂಕಟ. ಕನೆಕ್ಟರ್ ತೊಳೆದರೂ ಪಿನ್ನು ತೆಳ್ಳಗಾಗಿದ್ದರಿಂದ ಹೊಸದನ್ನೇ ಹಾಕಿದ. ಹಳಿಯ ತುಕ್ಕು ಉಜ್ಜಿ ಗ್ರೀಸು ಹಚ್ಚಿದ್ದಾನೆ, ಅದು ಪೂರ್ತಿ ನಿಂತಿಲ್ಲ.

ರೆಗ್ಯುಲೇಟರ್

ಹಣದ ಲೆಕ್ಕದಲ್ಲಿ ದೊಡ್ಡ ಏಟು ಗಾಡಿಯದಾದರೂ ಜೀವದ ಲೆಕ್ಕದಲ್ಲಿ ದೊಡ್ಡದು ಇದು. ಸಿಲಿಂಡರಿನ 200 ಬಾರ್ ಒತ್ತಡವನ್ನು ಸಿಲಿಂಡರಿಗೆ ಹಚ್ಚುವ ಮೊದಲ ಹಂತವು 9-10 ಬಾರ್‌ಗೆ ಇಳಿಸಿ ಕೊಳವೆಗೆ ಬಿಡುತ್ತದೆ, ಬಾಯಿಗೆ ಕಚ್ಚುವ ಎರಡನೆಯ ಹಂತ ಅದನ್ನು ಉಸಿರಿಗೆ ತಕ್ಕಷ್ಟು ಕೊಡುತ್ತದೆ. ಮೊದಲ ಹಂತದ ಒಳಗೆ ಒಂದು ಹನಿ ಉಪ್ಪುನೀರೂ ಸೇರಬಾರದು. ಸೇರುವ ದಾರಿ ಎರಡು. ಒಂದು, ಸಿಲಿಂಡರಿನಿಂದ ಬಿಚ್ಚಿದ ಕೂಡಲೇ ಮುಚ್ಚುವ ಧೂಳಿನ ಕ್ಯಾಪು ಸಡಿಲವಿರುವುದು, ಅಥವಾ ಕ್ಯಾಪಿನ ಒಳಮೈಯಲ್ಲೇ ಹನಿ ಇರುವುದು. ಎರಡು, ಒತ್ತಡ ಇಲ್ಲದ ರೆಗ್ಯುಲೇಟರನ್ನು ನೀರಿನೊಳಗೆ ಹಿಡಿದು ಎರಡನೆಯ ಹಂತದ ನಡುವಿನ ಗುಂಡಿ ಒತ್ತುವುದು. ಒತ್ತಿದರೆ ಕವಾಟ ತೆರೆದು ನೀರು ಕೊಳವೆಯ ಮೂಲಕ ಹಿಮ್ಮುಖವಾಗಿ ಮೊದಲ ಹಂತದವರೆಗೆ ಹೋಗುತ್ತದೆ.

ಇಲ್ಲಿ ಯಾವುದಾಗಿತ್ತು ಎಂದು ಹೇಳಲು ಸಾಕ್ಷಿ ಇಲ್ಲ. ಆದರೆ ಟಬ್ಬಿನಲ್ಲಿ "ಚಲೋ ತೊಳೀಲಿ ಅಂತ" ಗುಂಡಿ ಒತ್ತಿ ಅಲ್ಲಾಡಿಸಿದ್ದಾಗಿ ತಮ್ಮನ ಭಾವ ಹೇಳಿದರು. ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲದ ಒತ್ತಡಕ್ಕೆ ಕ್ಯಾಪು ಓರೆಯಾಗಿದ್ದನ್ನು ಇಳಿಸುವಾಗ ನಾನೇ ನೋಡಿದೆ. ಸೆಪ್ಟೆಂಬರಿನಲ್ಲಿ ವಾರ್ಷಿಕ ಸರ್ವಿಸಿಗೆ ಗೋವಾಕ್ಕೆ ಕಳಿಸಿದಾಗ ಅಲ್ಲಿಂದ ಬಂದ ಫೋಟೋದಲ್ಲಿ ಗಾಳಿ ಒಳಬರುವ ಬಾಯಿಯ ಲೋಹದ ಫಿಲ್ಟರು ಬೂದಿ ಬಣ್ಣ ಬಿಟ್ಟು ಹಸಿರಾಗಿತ್ತು. ಒಳಗಿನ ಕವಾಟ ಕೂತು ಮುಚ್ಚುವ ಅಂಚಿನ ಮೇಲೆ ಉಪ್ಪಿನ ಹರಳು. ಅಂಥ ಹರಳು ಕವಾಟ ಪೂರ್ತಿ ಮುಚ್ಚದಂತೆ ತಡೆದರೆ ಕೊಳವೆಯ ಒತ್ತಡ ನಿಧಾನಕ್ಕೆ ಏರಿ, ಬಾಯಿಯ ಕಡೆಯಿಂದ ಗಾಳಿ ತಾನಾಗಿ ಸುಂಯ್ ಎಂದು ಹೋಗುತ್ತಲೇ ಇರುತ್ತದೆ. ದಂಡೆಯಲ್ಲಿ ಅದು ಸದ್ದು ಮಾತ್ರ. 18 ಮೀಟರ್ ಆಳದಲ್ಲಿ ಅದು ಬೇಗ ಖಾಲಿಯಾಗುತ್ತಿರುವ ಸಿಲಿಂಡರು.

ಪಂಪ್‌ಸೆಟ್ ಬಿಚ್ಚುವವರು, ಟ್ರ್ಯಾಕ್ಟರ್ ಹೈಡ್ರಾಲಿಕ್ ಬಿಚ್ಚುವವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ, ಕೈಚಳಕಕ್ಕೂ ಕೊರತೆಯಿಲ್ಲ. ಆದರೂ ರೆಗ್ಯುಲೇಟರನ್ನು ಅವರ ಕೈಗೆ ಕೊಡಬೇಡಿ. ಆ ಕಂಪನಿಯ ರೆಗ್ಯುಲೇಟರಿಗೆ ತರಬೇತಾದವರೇ ಬಿಚ್ಚಬೇಕು. ಸಾದಾ ಗ್ರೀಸು ಹಚ್ಚಿದರೆ ರಬ್ಬರ್ ಉಂಗುರ ಉಬ್ಬಿ ಹಾಳಾಗಬಹುದು.

ಉಳಿದ ನಷ್ಟ

ಕ್ಯಾರಿಯರಿನ ಮೇಲಿನ ಸೂಟುಗಳದ್ದು ಬೇರೆಯೇ ಕಥೆ. ನಿಯೋಪ್ರೀನ್ ಎಂದರೆ ಒಳಗೆ ಕೋಟಿಗಟ್ಟಲೆ ಸಣ್ಣ ಗಾಳಿಗುಳ್ಳೆ ಇರುವ ರಬ್ಬರು, ಮೈ ಬೆಚ್ಚಗಿಡುವುದು ಆ ಗುಳ್ಳೆಗಳೇ. ರಬ್ಬರ್ ಹಗ್ಗ ಬಿಗಿದ ಕಡೆ ಗುಳ್ಳೆ ಅಪ್ಪಚ್ಚಿಯಾಗಿ ಗೆರೆ ಉಳಿಯಿತು. ಮೇಲುಮುಖವಾಗಿದ್ದ ಭುಜದ ಬಣ್ಣವನ್ನು ಬಿಸಿಲು ತಿಂದಿತು. ನವಲಗುಂದ ದಾಟಿದ ಮೇಲೆ ಎರೆಹೊಲದ ಧೂಳು ಅರೆ ಒದ್ದೆ ಬಟ್ಟೆಗೆ ಹತ್ತಿ, ಉಪ್ಪಿನ ಜೊತೆ ಸೇರಿ ಗಟ್ಟಿಯಾಯಿತು. ಇಳಿಸುವಾಗ ಜಿಪ್ಪು ಎಳೆದರೆ ಕರಕರ. ಬಿಸಿನೀರಲ್ಲ, ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದ ಮೇಲೇ ಅದು ಬಿಟ್ಟಿದ್ದು.

ಮಾಸ್ಕಿನ ಚೌಕಟ್ಟು ತೆಂಗಿನಕಾಯಿ ಭಾರಕ್ಕೆ ಸೀಳಿತು. ಇನ್ನೊಂದು ಮಾಸ್ಕಿನ ಪಾರದರ್ಶಕ ಸಿಲಿಕೋನ್, ಕರಿ ರಬ್ಬರಿನ ಫಿನ್ನಿಗೆ ಒತ್ತಿಕೊಂಡೇ ಮೇ ತಿಂಗಳು ಪೂರ್ತಿ ಚೀಲದಲ್ಲಿದ್ದು ಕಂದು ಕಲೆ ಹಿಡಿಯಿತು, ಅದು ಹೋಗುವುದಿಲ್ಲ. ಕಂಪ್ಯೂಟರೊಂದರ ಬ್ಯಾಟರಿ ಖಾಲಿ. ಎಷ್ಟೋ ಡೈವ್ ಕಂಪ್ಯೂಟರುಗಳು ಒದ್ದೆಯಾದ ಕೂಡಲೇ ತಾವಾಗಿ ಚಾಲೂ ಆಗುವಂಥವು. ಒದ್ದೆ ಚೀಲದಲ್ಲಿ ತುರುಕಿದರೆ ಇನ್ನೂ ನೀರಿನಲ್ಲೇ ಇದ್ದೇನೆ ಎಂದುಕೊಂಡು ಉರಿಯುತ್ತಲೇ ಇರುತ್ತವೆ. ಟಾರ್ಚಿಗೆ ಏನೂ ಆಗಲಿಲ್ಲ, ಅದೃಷ್ಟ. ಜೋರು ಬೆಳಕಿನ ಡೈವ್ ಟಾರ್ಚುಗಳು ತಣ್ಣಗಿರುವುದು ಸುತ್ತಲಿನ ನೀರಿನಿಂದ. ಚೀಲದೊಳಗೆ ಗುಂಡಿ ಒತ್ತಿಹೋದರೆ ಬಟ್ಟೆ ಸುಡುವಷ್ಟು ಕಾಯುತ್ತವೆ. ಬ್ಯಾಟರಿ ತೆಗೆದೇ ಒಯ್ಯಬೇಕು.

ಎರಡನೆಯ ಸಲ

ಡಿಸೆಂಬರಿನಲ್ಲಿ ಅದೇ ಮೂವರು, ಅದೇ ಗಾಡಿ. ಹೋಗುವ ಮೊದಲು ನನ್ನನ್ನು ಕೇಳಿದರು, ಗಾಡಿಯ ಒಳಗೆ ಹೇಗೆ ಒಣಗಿಸೋದು ಎಂದು. ಒಣಗಿಸಲೇಬೇಡಿ ಎಂದೆ. ಉಪನ್ಯಾಸಕರು ತಮಾಷೆ ಅಂದುಕೊಂಡರು.

ತಮಾಷೆಯಲ್ಲ. ಒದ್ದೆ ಇರುವಷ್ಟು ಹೊತ್ತು ಉಪ್ಪು ನೀರಿನಲ್ಲಿ ಕರಗಿಯೇ ಇರುತ್ತದೆ, ಮನೆಗೆ ಬಂದು ಸಿಹಿನೀರಿಗೆ ಹಾಕಿದರೆ ಸುಲಭವಾಗಿ ಬಿಟ್ಟುಹೋಗುತ್ತದೆ. ಅರೆ ಒಣಗಿದರೆ ಹರಳುಗಟ್ಟುತ್ತದೆ. ಜಿಪ್ಪಿನ ಹಲ್ಲಿನಲ್ಲಿ, ಬಿಸಿಡಿಗೆ ಗಾಳಿ ತುಂಬುವ ಗುಂಡಿಯ ಕೆಳಗೆ, ರಬ್ಬರ್ ಉಂಗುರದ ಅಂಚಿನಲ್ಲಿ. ಆ ಗುಂಡಿ ಕೆಳಗೇ ಸಿಕ್ಕಿಕೊಂಡರೆ ನೀರಿನೊಳಗೆ ಜಾಕೆಟ್ಟು ತಾನಾಗಿ ಉಬ್ಬಿ ಡೈವರನ್ನು ಮೇಲಕ್ಕೆ ಎಸೆಯುತ್ತದೆ. ನೀರೊಳಗೆ ಕ್ಯಾಮೆರಾ ಒಯ್ಯುವವರು ಅದರ ಹೊರಕವಚವನ್ನು ತೊಳೆಯುವವರೆಗೆ ಒದ್ದೆ ಟವೆಲಿನಲ್ಲಿ ಸುತ್ತಿಡುವುದು ಇದೇ ಕಾರಣಕ್ಕೆ. ಹಾಗಾಗಿ ಆರೇಳು ಗಂಟೆಯ ದಾರಿಗೆ ನನ್ನ ಸಲಹೆ ಒಂದೇ: ಪೂರ್ತಿ ತೊಳೆದು ಪೂರ್ತಿ ಒಣಗಿಸಲು ಆಗದಿದ್ದರೆ ಪೂರ್ತಿ ಒದ್ದೆಯಾಗಿಯೇ ತನ್ನಿ, ಆದರೆ ಒಂದು ಹನಿ ಹೊರಗೆ ಬೀಳದ ಹಾಗೆ ತನ್ನಿ. ಎರಡು ಮೂರು ದಿನ ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಅದು ಬೇರೆ ಮಾತು.

ಬಾಗಲಕೋಟೆ ಪೇಟೆಯಲ್ಲಿ ನೀರು ತುಂಬಿಡಲು ಕೊಳ್ಳುವ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಟಬ್ಬು ಎರಡು ತಂದರು. ಮೂರನೆಯ ಸಾಲಿನ ಸೀಟು ಮಡಚಿ, ಕೆಳಗೆ ತಾಡಪತ್ರಿ ಹಾಸಿ, ಅದರ ಅಂಚನ್ನು ನಾಲ್ಕೂ ಕಡೆ ಒಂದು ಗೇಣು ಎತ್ತರಕ್ಕೆ ಮಡಚಿ ಕ್ಲಿಪ್ಪು ಹಾಕಿದರು. ತಾಡಪತ್ರಿಯ ಮೇಲೆ ಹಳೆ ಕಂಬಳಿ, ಕಂಬಳಿಯ ಮೇಲೆ ಟಬ್ಬು. ಟಬ್ಬು ಜಾರದಂತೆ ನಡುವಿನ ಸೀಟಿನ ಬೆನ್ನಿಗೆ ಬೆಲ್ಟು. ಅರಬೈಲಿನ ತಿರುವುಗಳಲ್ಲಿ ಟಬ್ಬಿನ ತಳದಲ್ಲಿ ನೀರು ನಿಂತಿದ್ದರೆ ತುಳುಕುತ್ತದೆ, ಆದ್ದರಿಂದ ಹಾಕುವ ಮೊದಲೇ ಎಲ್ಲವನ್ನೂ ನೇತುಹಾಕಿ ನೀರು ಇಳಿಸಬೇಕು. ಬಿಸಿಡಿಯ ಒಳಚೀಲದಲ್ಲಿ ಕಣ್ಣಿಗೆ ಕಾಣದೆ ಕೂತ ನೀರು ಎಲ್ಲರೂ ಮರೆಯುವಂಥದ್ದು. ತಲೆಕೆಳಗಾಗಿ ಹಿಡಿದು, ಬಾಯಿಂದ ಊದುವ ಕೊಳವೆ ಕೆಳಮುಖ ಮಾಡಿ ಗುಂಡಿ ಒತ್ತಿದರೆ ಒಂದು ಚೆಂಬು ನೀರು ಬಂದರೂ ಬಂದೀತು. ಆಮೇಲೆ ಸ್ವಲ್ಪ ಗಾಳಿ ಊದಿಡಬೇಕು, ಒಳಮೈ ಒಂದಕ್ಕೊಂದು ಅಂಟಿಕೊಳ್ಳಬಾರದು.

ಈ ಸಲ ರಾತ್ರಿ ಮುರುಡೇಶ್ವರದಲ್ಲೇ ಉಳಿದರು. ದೇಹಕ್ಕೆ ಬೇಕಾದ ಬಿಡುವು ಸಿಕ್ಕಿತು. ಲಾಡ್ಜಿನ ಬಚ್ಚಲಿನಲ್ಲಿ ಬಕೆಟು ಬಕೆಟು ಸಿಹಿನೀರು ಬದಲಿಸಿ ತೊಳೆಯಲು ಸಾಮಾನಿಗೂ ಹೊತ್ತು ಸಿಕ್ಕಿತು. ರೆಗ್ಯುಲೇಟರನ್ನು ಡೈವ್ ಕೇಂದ್ರದಲ್ಲೇ, ಸಿಲಿಂಡರಿಗೆ ಹಚ್ಚಿ ಒತ್ತಡ ಇರುವಾಗಲೇ ತೊಳೆದರು. ಆಮೇಲೆ ಬಿಚ್ಚಿ, ಕ್ಯಾಪು ಒಣ ಬಟ್ಟೆಯಲ್ಲಿ ಒರೆಸಿ ಬಿಗಿದರು. ಸಿಲಿಂಡರಿನ ಗಾಳಿಯಿಂದಲೇ ಕ್ಯಾಪು ಊದಿ ಒಣಗಿಸುವ ರೂಢಿ ಹಲವರಿಗಿದೆ. ಕ್ಯಾಪಿಗೆ ಊದುವುದು ಸರಿ, ಮೊದಲ ಹಂತದ ಬಾಯಿಗೆ ನೇರ ಊದಿದರೆ ಅಲ್ಲಿನ ಹನಿ ಒಳಗೇ ಹೋಗುತ್ತದೆ. ಬೆಳಿಗ್ಗೆ ಅದನ್ನು ಒಣ ಟವೆಲಿನಲ್ಲಿ, ಕೊಳವೆಗಳನ್ನು ಒಂದಡಿ ಅಗಲದ ಸುತ್ತಿನಲ್ಲಿ ಮಡಚಿ, ನಡುವಿನ ಸೀಟಿನ ಮೇಲೆ ಇಟ್ಟರು. ಕೊಳವೆ ಲೋಹಕ್ಕೆ ಸೇರುವ ಕಡೆ ಮುರಿದು ಬಾಗಿಸಬಾರದು, ಅದು ಮೊದಲು ಬಿರಿಯುವುದು ಅಲ್ಲೇ. ಮಾಸ್ಕು, ಕಂಪ್ಯೂಟರ್ ಗಟ್ಟಿ ಡಬ್ಬಿಯಲ್ಲಿ, ಒಣಗಿಸಿ. ತೆಂಗಿನಕಾಯಿ ಕಾಲಬುಡಕ್ಕೆ. ಮೀನಿಗೆ ಮನೆಯವರ ಅನುಮತಿ ಸಿಗಲಿಲ್ಲ.

ಒಂದು ತೊಂದರೆಯನ್ನು ನಾನೂ ಮುಂದಾಗಿ ಎಣಿಸಿರಲಿಲ್ಲ. ಯಲ್ಲಾಪುರದ ಕಾಡಿನಲ್ಲಿ ಡಿಸೆಂಬರಿನ ತಂಪಿಗೆ ಗಾಡಿಯ ಗಾಜು ಒಳಗಿನಿಂದ ಮಂಜು ಹಿಡಿಯಿತು. ಮುಚ್ಚಳ ಇದ್ದರೂ ಒಂದಷ್ಟು ಹಬೆ ಹೊರಬರುತ್ತದೆ, ಮೂವರ ಉಸಿರೂ ಸೇರುತ್ತದೆ. ಎಸಿ ಹಾಕಿ, ಒಳಗಾಳಿ ಸುತ್ತಿಸುವ ಗುಂಡಿ ಆರಿಸಿ ಹೊರಗಾಳಿ ಬಿಟ್ಟ ಮೇಲೆ ಗಾಜು ತಿಳಿಯಾಯಿತು. ಎಸಿ ಗಾಳಿಯ ತೇವ ಹಿಂಡಿ ತೆಗೆಯುವುದರಿಂದ ಚಳಿಯಲ್ಲೂ ಅದು ಬೇಕು. ಇಡೀ ದಾರಿ ಹಾಗೇ ಬಂದರು. ಊಟಕ್ಕೆ ಹುಬ್ಬಳ್ಳಿಯಲ್ಲಿ ನಿಂತಾಗ ಗಾಡಿಯನ್ನು ನೆರಳಿಗೆ ನಿಲ್ಲಿಸಿದರು. ಡಿಸೆಂಬರಿನಲ್ಲಿ ಅದು ಅಷ್ಟು ಮುಖ್ಯವಲ್ಲ. ಏಪ್ರಿಲಿನಲ್ಲಾದರೆ ಮುಚ್ಚಿದ ಗಾಡಿಯ ಒಳಗು ಬಿಸಿಲಿಗೆ 60 ಡಿಗ್ರಿ ದಾಟುತ್ತದೆ. ಸೂಟಿನ ಅಂಟು ಸಡಿಲವಾಗಲು, ಫಿನ್ನಿನ ಅಲಗು ಬಾಗಿದ ಹಾಗೇ ಕೂರಲು ಅಷ್ಟು ಸಾಕು.

ಮನೆಯಲ್ಲಿ ಮತ್ತೊಮ್ಮೆ ನೆನೆಹಾಕಿ ತೊಳೆದದ್ದು ಹಿನ್ನೀರಿನ ನಲ್ಲಿ ನೀರಿನಲ್ಲಿ. ನಮ್ಮ ಬೋರಿನ ನೀರು ಗಡಸು, ಒಣಗಿದ ಮೇಲೆ ಬಿಳಿ ಸುಣ್ಣ ಬಿಡುತ್ತದೆ. ಶುದ್ಧ ನೀರಿನ ಯಂತ್ರದಿಂದ ಹೊರಬೀಳುವ ನೀರನ್ನು ಬಳಸೋಣವೇ ಎಂದು ಭಾವ ಕೇಳಿದರು. ಬೇಡ, ಅದು ಬೋರಿನ ನೀರಿಗಿಂತ ಗಡಸು. ಸೂಟುಗಳನ್ನು ಮೊದಲು ಒಳಮೈ ಹೊರಗೆ ಮಾಡಿ, ಪಡಸಾಲೆಯಲ್ಲಿ ದಪ್ಪ ಬಿದಿರ ಗಳಕ್ಕೆ ಸೊಂಟದ ಹತ್ತಿರ ಜೋತುಬಿಟ್ಟರು. ತೆಳ್ಳನೆಯ ತಂತಿಯ ಮೇಲಾದರೆ ಮತ್ತೆ ಅದೇ ಗೆರೆ ಬೀಳುತ್ತಿತ್ತು.

ಈ ಮಳೆಗಾಲದಲ್ಲಿ ಏರ್‌ಬ್ಯಾಗ್ ದೀಪ ಹತ್ತಲಿಲ್ಲ. ಕಾರ್ಪೆಟ್ಟಿನ ಅಂಚು ಎತ್ತಿ ನೋಡಿದ್ದೇವೆ, ಫೆಲ್ಟು ಒಣಗಿದೆ.

ಸಿಲಿಂಡರ್ ತರುವ ಮಾತು

ಈಗ ತಮ್ಮನಿಗೆ ಸ್ವಂತ ಸಿಲಿಂಡರ್ ಆಸೆ ಹುಟ್ಟಿದೆ. ಸಾಮಾನ್ಯವಾಗಿ ಸಿಗುವ ಅಲ್ಯೂಮಿನಿಯಂ ಸಿಲಿಂಡರು 11 ಲೀಟರಿನದು, ಖಾಲಿಯೇ ಸುಮಾರು 14 ಕಿಲೋ. 200 ಬಾರ್ ತುಂಬಿದರೆ ಒಳಗಿನ ಗಾಳಿಯೇ ಎರಡೂವರೆ ಕಿಲೋಗೂ ಮೇಲೆ. ಅದು ಗಾಡಿಯಲ್ಲಿ ಬಿಡಿಯಾಗಿ ಉರುಳಿದರೆ, ಬ್ರೇಕು ಹಾಕಿದಾಗ ಮುಂದೆ ಕೂತವರ ಬೆನ್ನಿಗೇ ಬರುತ್ತದೆ. ಉದ್ದಕ್ಕಲ್ಲ, ಗಾಡಿಯ ಅಡ್ಡಕ್ಕೆ ಮಲಗಿಸಿ, ಎರಡೂ ಕಡೆ ಮರದ ಬೆಣೆ ಕೊಟ್ಟು, ಬೆಲ್ಟಿನಿಂದ ಬಿಗಿದು, ವಾಲ್ವಿಗೆ ಏನೂ ತಾಗದ ಹಾಗೆ ಇಡಬೇಕು. ನಿಲ್ಲಿಸಿ ಒಯ್ಯುವುದು ಸಲ್ಲದು. ಬಿಸಿಲಿಗೆ ಒಳಗಿನ ಒತ್ತಡ ಡಿಗ್ರಿಗೆ ಅರ್ಧ ಬಾರಿಗೂ ಹೆಚ್ಚು ಏರುತ್ತದೆ. 27 ಡಿಗ್ರಿಯಲ್ಲಿ 200 ತೋರಿಸುತ್ತಿದ್ದ ಮುಳ್ಳು 60ಕ್ಕೆ ಕಾದ ಗಾಡಿಯಲ್ಲಿ 220 ದಾಟುತ್ತದೆ. ಖಾಲಿ ಮಾಡಿ ತರುವುದಾದರೂ ಒಳಗೆ ಸ್ವಲ್ಪ ಒತ್ತಡ ಉಳಿಸಿ ವಾಲ್ವು ಮುಚ್ಚಬೇಕು, ಇಲ್ಲದಿದ್ದರೆ ತೇವ ಒಳಸೇರಿ ಗೋಡೆ ತಿನ್ನುತ್ತದೆ.

ಇನ್ನು ಸಿಲಿಂಡರು ಕೊಳ್ಳುವುದು, ತುಂಬಿಸುವುದು 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಅಡಿ ಬರುತ್ತದೆ, ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ಅದನ್ನು ನೋಡಿಕೊಳ್ಳುತ್ತದೆ. ಒಪ್ಪಿಗೆಯ ಗುರುತು, ಪರೀಕ್ಷೆಯ ದಿನಾಂಕ ಹೆಗಲ ಮೇಲೆ ಒತ್ತಿರದ ಸಿಲಿಂಡರನ್ನು ಯಾವ ಜವಾಬ್ದಾರಿಯುತ ಕೇಂದ್ರವೂ ತುಂಬಿಕೊಡುವುದಿಲ್ಲ, ಕೊಡಲೂಬಾರದು. ಅಗ್ಗಕ್ಕೆ ಸಿಕ್ಕಿತು ಎಂದು ಹಳೆಯದೊಂದನ್ನು ಗಾಡಿಗೆ ಹಾಕಿಕೊಂಡು ಬರುವ ಮೊದಲು ಆ ಹೆಗಲಿನ ಫೋಟೋ ಕಳಿಸು ಎಂದು ತಮ್ಮನಿಗೆ ಹೇಳಿದ್ದೇನೆ. ಫೋಟೋ ಇನ್ನೂ ಬಂದಿಲ್ಲ.